ನೆಲ ಸುಮ್ಮನಾದಾಗ

ಜೂನ್ 6

ಚಿಕ್ಕಮ್ಮಾ,

ಕಾಗದ ಬರೆಯಲು ತಡ ಮಾಡಿದೆ ಎಂದು ಈಗಾಗಲೇ ನನ್ನನ್ನು ಬೈದು ಮುಗಿಸಿರುತ್ತೀಯ. ಹಾಗಾಗಿ ಕ್ಷಮೆ ಕೇಳುವ ಭಾಗ ಬಿಟ್ಟು ನೇರ ಸುದ್ದಿಗೆ ಬರುತ್ತೇನೆ. ನಿನ್ನ ಹಿತ್ತಿಲ ಗೋಡೆಯಾಚೆಗಿನ ಹಳೇ ಗಿರಣಿ ಬಯಲಿನಲ್ಲಿ ದೊಡ್ಡ ಆಸ್ಪತ್ರೆ ಕಟ್ಟುತ್ತಾರಂತೆ. ಕಟ್ಟುವ ಮೊದಲು ನೆಲದ ಕೆಳಗೆ ಎಂಥ ಮಣ್ಣಿದೆ ಎಂದು ನೋಡಬೇಕು. ಆ ಕೆಲಸ ನಮ್ಮ ಆಫೀಸಿಗೆ ಬಂತು, ಆಫೀಸಿಗೆ ಬಂದದ್ದು ನನ್ನ ಮೇಜಿಗೇ ಬಂತು.

ನಾನು ಅಲ್ಲಿಗೆ ಬರುವುದಿಲ್ಲ. ಇಲ್ಲೇ ಕೂತು ನಕ್ಷೆ ಬರೆಯುವುದು ನನ್ನ ಪಾಲು. ಲಾರಿಯೂ ಆಳುಗಳೂ ಬರುತ್ತಾರೆ. ಲಾರಿಯ ಹೊಟ್ಟೆಯೊಳಗಿಂದ ಒಂದು ಉಕ್ಕಿನ ಮೊನೆಯನ್ನು ನೆಲಕ್ಕೆ ಒತ್ತುತ್ತಾರೆ. ಹೊಡೆಯುವುದಿಲ್ಲ, ಕೊರೆಯುವುದಿಲ್ಲ, ಒಂದೇ ವೇಗದಲ್ಲಿ ನಿಧಾನವಾಗಿ ಒತ್ತುತ್ತಾ ಹೋಗುವುದು ಅಷ್ಟೇ. ಮೊನೆಯ ಹಿಂದೆ ಒಂದು ಗಜದ ಸಲಾಕೆ, ಅದು ಮುಳುಗಿದ ಮೇಲೆ ಅದರ ತಲೆಗೆ ಇನ್ನೊಂದು. ಮರಳು ಸಿಕ್ಕರೆ ಮೊನೆಗೆ ಜೋರು ತಡೆ. ಜೇಡಿಮಣ್ಣಾದರೆ ತಡೆ ಕಡಿಮೆ, ಆದರೆ ಪಕ್ಕಕ್ಕೆ ಅಂಟಿಕೊಂಡು ಎಳೆಯುತ್ತದೆ. ಮೊನೆ ಕಂಡದ್ದೆಲ್ಲ ಒಂದು ಕಾಗದದ ಸುರುಳಿಯ ಮೇಲೆ ಗೆರೆಯಾಗಿ ಬೀಳುತ್ತದೆ. ಆ ಸುರುಳಿಗಳು ಅಂಚೆಯಲ್ಲಿ ನನಗೆ ಬರುತ್ತವೆ, ಗೆರೆ ನೋಡಿ ನಾನು ಬಣ್ಣ ಹಚ್ಚುತ್ತೇನೆ.

ಅಮ್ಮನನ್ನು ನುಂಗಿದ ನೆಲ ಅದು. ಈ ಕೆಲಸ ಬೇರೆಯವರಿಗೆ ಕೊಡಿ ಎಂದು ಕೇಳಬಹುದಿತ್ತು, ಕೇಳಲಿಲ್ಲ. ನಾನು ಮಣ್ಣಿನ ಓದಿಗೆ ಯಾಕೆ ಹೋದೆ ಎಂದು ನೀನು ಯಾವತ್ತೂ ಕೇಳಿಲ್ಲ, ನಾನೂ ಹೇಳಿಲ್ಲ. ಇಬ್ಬರಿಗೂ ಗೊತ್ತು.

ಲಾರಿಯ ಮೇಸ್ತ್ರಿಯನ್ನು ಎಲ್ಲರೂ ಮೀಸೆ ಎಂದೇ ಕರೆಯುವುದು. ನಿನಗೆ ಕಿವಿ ಕೇಳಿಸುವುದಿಲ್ಲ, ಎದುರು ನಿಂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತೀಯ ಎಂದು ಹೇಳಿ ಕಳಿಸಿದ್ದೇನೆ. ಆ ಮೀಸೆಯ ಹಿಂದೆ ತುಟಿ ಹುಡುಕುವುದು ನಿನ್ನ ಕರ್ಮ. ಒಂದು ಲೋಟ ಚಹಾ ಕೊಡು, ಬೈಯಬೇಡ.

ನಿನ್ನ
ಹೆಗ್ಗಣ


ಜೂನ್ 17

ನನ್ನ ಹೆಗ್ಗಣವೇ,

ಹಿತ್ತಿಲ ತುಂಬ ಗುಂಡಿ ತೋಡುತ್ತಿದ್ದ ಹುಡುಗಿಗೆ ಈ ಹೆಸರಿಟ್ಟವಳು ನಾನು. ಅಂದು ಅದಕ್ಕೆ ಪೆಟ್ಟು ಕೊಡುತ್ತಿದ್ದೆ, ಇಂದು ಅದಕ್ಕೇ ನಿನಗೆ ಸಂಬಳ ಕೊಡುತ್ತಾರೆ. ಇನ್ನು ಲೋಕಕ್ಕೆ ಬುದ್ಧಿ ಹೇಳುವವರು ಯಾರು?

ನಿನ್ನ ಮೀಸೆ ಬಂದಿದ್ದ. ಕಿವುಡರ ಮುಂದೆ ಎಲ್ಲರೂ ಮಾಡುವಂತೆ ಗಂಟಲು ಹರಿಯುವಷ್ಟು ಕೂಗಿದ. ಅದು ಕೇಳಿಸಿದ್ದು ಪಕ್ಕದ ಮನೆಯ ದರ್ಜಿಗೆ. ಅವನು ಕತ್ತರಿ ಹಿಡಿದುಕೊಂಡೇ ಓಡಿಬಂದು, ನಿಧಾನವಾಗಿ ತುಟಿ ಆಡಿಸಿ ತಿಳಿಸಿದ: "ನೆಲ ಒಂಚೂರು ಅದುರುತ್ತಂತೆ, ಹೆದರ್ಕೋಬೇಡಿ ಅಂತಿದಾರೆ."

"ಅದುರೋ ನೆಲದ ಮೇಲೆ ನಿಂತೇ ಅರ್ಧ ಆಯುಷ್ಯ ಕಳ್ದಿದೀನಿ. ಮೊದ್ಲು ಚಹಾ ಕುಡಿ, ಆರಿಹೋಗುತ್ತೆ" ಎಂದೆ.

ನಿಜ ಹೇಳಲೇ? ಅದುರಿದ್ದು ನನಗೆ ಹಿತವಾಗಿತ್ತು. ಲಾರಿ ಬಂದ ದಿನ ಚಪ್ಪಲಿ ಬಿಟ್ಟು ಹಿತ್ತಿಲಲ್ಲಿ ನಿಂತೆ. ಅಂಗಾಲಿನಿಂದ ಮೊಣಕಾಲಿನವರೆಗೆ ಮೆಲ್ಲಗೆ ಹತ್ತಿ ಬಂತು. ಗಿರಣಿಯ ಮಗ್ಗದ ಶೆಡ್ಡು ನೆನಪಾಯಿತು. ನೀನು ಆಗ ಸಣ್ಣವಳು, ಶೆಡ್ಡಿನ ಪದ್ಧತಿ ನಿನಗೆ ಗೊತ್ತಿರಲಿಕ್ಕಿಲ್ಲ. ಅಷ್ಟು ಮಗ್ಗಗಳ ಸದ್ದಿಗೆ ನಮ್ಮ ಕಿವಿಗಳು ಒಂದೊಂದಾಗಿ ಹೋದವು. ಕಿವಿ ಉಳಿದವರಿಗೂ ಅಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಅಪಾಯದ ಗಂಟೆ ಹೊಡೆದರೆ ಯಾರಿಗೆ ಗೊತ್ತಾಗಬೇಕು? ಹಾಗಾಗಿ ಗಂಟೆಯೇ ಇರಲಿಲ್ಲ. ಏನಾದರೂ ಅನಾಹುತವಾದರೆ ದೊಡ್ಡ ಯಂತ್ರ ನಿಲ್ಲಿಸಿಬಿಡುತ್ತಿದ್ದರು, ಕಾಲಡಿಯ ನೆಲ ಸುಮ್ಮನಾಗುತ್ತಿತ್ತು. ನೆಲ ಸುಮ್ಮನಾಯಿತೋ, ಕೈಲಿದ್ದ ಲಾಳಿ ಅಲ್ಲೇ ಬಿಟ್ಟು ಹೊರಗೆ ನಡೆಯಬೇಕು. ಯಾಕೆ, ಏನು ಎಂದು ಕೇಳುವ ಹಾಗಿಲ್ಲ. ಅಂಗಳದ ಗೋಡೆಯ ಉದ್ದಕ್ಕೆ ಸಾಲಾಗಿ ನಿಂತು ಮುಂದಿನವಳ ಭುಜದ ಮೇಲೆ ಕೈ ಇಡಬೇಕು. ಹಿಂದೆ ತಿರುಗಬಾರದು, ತಿರುಗಿದರೆ ಸಾಲು ಮುರಿದು ಎಣಿಕೆ ತಪ್ಪುತ್ತದೆ. ನಿನ್ನ ಭುಜದ ಮೇಲೆ ಕೈ ಬಿತ್ತೆಂದರೆ ಹಿಂದಿನವಳು ಹೊರಗೆ ಬಂದಳು ಎಂದು ಅರ್ಥ.

ನನ್ನ ಹಿಂದೆ ಯಾವಾಗಲೂ ನಿಮ್ಮಮ್ಮ. ಅವಳದು ಕಿಟಕಿ ಪಕ್ಕದ ಕುಂಟು ಮಗ್ಗ, ಸಾಲಿನಲ್ಲಿ ಕಟ್ಟಕಡೆಯದು. ಎಷ್ಟು ರಿಪೇರಿ ಮಾಡಿದರೂ ಮೂರು ಏಟಿಗೊಮ್ಮೆ ಎಡವುತ್ತಿತ್ತು. ಅಕ್ಕ ನನ್ನ ಭುಜದ ಮೇಲೆ ಕೈ ಸುಮ್ಮನೆ ಇಡುತ್ತಿರಲಿಲ್ಲ, ಹೆಬ್ಬೆರಳಿನಿಂದ ಕುತ್ತಿಗೆಯ ಬುಡಕ್ಕೆ ಒತ್ತುತ್ತಿದ್ದಳು, ನೋವಾಗುವಷ್ಟು. ನಾನು ತಿರುಗಿ ಬೈಯುವ ಹಾಗಿಲ್ಲವಲ್ಲ, ಅದೇ ಅವಳಿಗೆ ಮಜಾ.

ಸರಿಯಾಗಿ ತಿನ್ನುತ್ತಿದ್ದೀಯೋ ಇಲ್ಲವೋ ಬರೆ. ಹೋದ ಸಲ ನಿನ್ನ ಅಕ್ಷರ ಕೂಡ ಸೊರಗಿತ್ತು.

ಇಂತಿ
ಚಿಕ್ಕಮ್ಮ


ಜುಲೈ 2

ಚಿಕ್ಕಮ್ಮಾ,

ಅಮ್ಮನ ಹೆಬ್ಬೆರಳಿನ ವಿಷಯ ಇಷ್ಟು ವರ್ಷ ನನ್ನಿಂದ ಯಾಕೆ ಮುಚ್ಚಿಟ್ಟಿದ್ದೆ? ಆ ಸಾಲನ್ನು ಎಷ್ಟು ಸಲ ಓದಿದೆನೋ. ಓದಿದಾಗಲೆಲ್ಲ ನನ್ನ ಕೈ ನನ್ನ ಕುತ್ತಿಗೆಗೇ ಹೋಗುತ್ತಿತ್ತು.

ನಕ್ಷೆ ಮೆಲ್ಲಗೆ ಮೂಡುತ್ತಿದೆ. ಮರಳಿಗೆ ಹಳದಿ, ಜೇಡಿಗೆ ಕಂದು, ಎಲೆ ಬೇರು ಕೊಳೆತ ಕಪ್ಪು ಮಣ್ಣಿಗೆ ನೇರಳೆ. ಒಂದು ಕಾಲಕ್ಕೆ ಅಲ್ಲಿ ಹೊಳೆ ಹರಿದಿದೆ. ಬಯಲಿನ ಕೆಳಗೆ ಅದರ ಹಳೇ ತಿರುವು ಮಲಗಿರುವುದು ನನಗೆ ಇಲ್ಲಿ ಮೇಜಿನ ಮೇಲೆ ಕಾಣುತ್ತದೆ. ಗಿರಣಿಯವರು ಯಂತ್ರಕ್ಕೆ ನೀರು ತರಲು ಆ ಹೊಳೆಯಿಂದ ಸುರಂಗ ತೋಡಿದ್ದರಲ್ಲ, ಅಮ್ಮನ ಕಾಲಡಿ ಕುಸಿದದ್ದು ಅದೇ. ಅದನ್ನು ಕಲ್ಲುಮಣ್ಣು ಸುರಿದು ಪೂರ್ತಿ ಮುಚ್ಚಿದ್ದೇವೆ ಎಂದು ಗಿರಣಿಯ ಕಾಗದಗಳು ಹೇಳುತ್ತವೆ. ಇಲ್ಲಿಯವರೆಗೆ ಬಯಲಿನಲ್ಲಿ ಅದರ ಸುಳಿವಿಲ್ಲ.

ಆದರೆ ನಿನ್ನ ಹಿತ್ತಿಲ ಗೋಡೆಗೆ ತಾಗಿದ ಜಾಗದಲ್ಲಿ ಒಂದು ವಿಚಿತ್ರ. ಸಲಾಕೆ ಇಪ್ಪತ್ತು ಗಜ ಒಳಗೆ ಹೋದ ಮೇಲೆ ಗೆರೆ ಒಮ್ಮೆಗೇ ಬಿದ್ದುಹೋಗುತ್ತದೆ. ಮರಳಲ್ಲ, ಜೇಡಿಯಲ್ಲ, ನೀರಿನ ಒತ್ತಡವೂ ಸರಿಯಾಗಿಲ್ಲ. ಅಲ್ಲಿ ಏನೂ ಇಲ್ಲ. ಇದಕ್ಕೆ ಬಣ್ಣ ಇಲ್ಲದೆ ಬಿಳಿಯಾಗಿಯೇ ಬಿಟ್ಟಿದ್ದೇನೆ. ನನಗೆ ನಂಬಿಕೆಯಾಗದೆ, ಅದರ ಆಚೀಚೆ ಇನ್ನೂ ಕೆಲವು ಸಲ ಒತ್ತಿ ನೋಡಲು ಮೀಸೆಗೆ ಹೇಳಿದ್ದೇನೆ. ಹೆದರಬೇಡ, ಅಷ್ಟು ಆಳದಲ್ಲಿ ಪೊಳ್ಳು ಇದ್ದರೆ ಮೇಲಿನವರಿಗೆ ಏನೂ ಆಗುವುದಿಲ್ಲ.

ಮೊನೆಯೊಳಗೆ ಸಲಾಕೆ ನೇರ ಇಳಿಯುತ್ತಿದೆಯೋ ಓರೆಯಾಗುತ್ತಿದೆಯೋ ಎಂದು ತೋರಿಸುವ ಒಂದು ಪುಟ್ಟ ಉಪಕರಣ ಇರುತ್ತದೆ. ನಿನ್ನ ಗೋಡೆಯ ಹತ್ತಿರ ಒತ್ತುವ ಮೊದಲೇ, ಹೋದ ವಾರ, ಅದು ಕೆಟ್ಟಿತ್ತು. ಮೀಸೆ ಫೋನ್ ಮಾಡಿ, "ಮೇಡಂ, ನಿಲ್ಲಿಸ್ಲಾ? ರಿಪೇರಿಗೆ ಕಳ್ಸಿದ್ರೆ ತಿಂಗಳು ಹಿಡಿಯುತ್ತೆ" ಎಂದ. ಮೆತ್ತನೆಯ ನೆಲ, ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಇಳಿಯುತ್ತದೆ, ನಡೆಸಿ ಎಂದೆ. ತಿಂಗಳುಗಟ್ಟಲೆ ಸುಮ್ಮನೆ ಕೂರಲು ನನ್ನಿಂದ ಆಗುವುದಿಲ್ಲ. ಈಗಂತೂ ಆ ಬಿಳಿ ಜಾಗದಲ್ಲಿ ಏನಿದೆ ಎಂದು ನೋಡಲೇಬೇಕು.

ತಿನ್ನುತ್ತಿದ್ದೇನೆ, ಆಣೆಗೂ.

ನಿನ್ನ
ಹೆಗ್ಗಣ


ಜುಲೈ 15

ಹೆಗ್ಗಣವೇ,

ನಿನ್ನ ನೆಂಟರೊಬ್ಬರು ಮನೆಗೆ ಬಂದಿದ್ದಾರೆ. ತಮಾಷೆಯಲ್ಲ, ನೆಲದ ಕೆಳಗೆ ಹೆಗ್ಗಣ ಸೇರಿಕೊಂಡಿದೆ.

ಮೊದಲು ಗೊತ್ತಾದದ್ದು ಅಡುಗೆಮನೆಯಲ್ಲಿ. ಬರಿಗಾಲಲ್ಲಿ ಒಲೆ ಮುಂದೆ ನಿಂತಿದ್ದೆ, ಹಿತ್ತಿಲ ಬಾಗಿಲ ಕಡೆಯಿಂದ ಏನೋ ತೆವಳಿಕೊಂಡು ಬಂದು ನನ್ನ ಕಾಲಡಿಯಿಂದ ದಾಟಿಹೋಯಿತು. ಈ ಹೆಗ್ಗಣಕ್ಕೆ ಬಹಳ ಶಿಸ್ತು. ಒಂದು ಗಜ ಓಡುತ್ತದೆ, ನಿಲ್ಲುತ್ತದೆ. ಉಸಿರು ತೆಗೆದುಕೊಂಡು ಮತ್ತೆ ಒಂದು ಗಜ. ಅಡುಗೆಮನೆಯಿಂದ ನಡುಮನೆಗೆ, ನಡುಮನೆಯಿಂದ ನನ್ನ ಮಂಚದ ಕೆಳಗೆ. ಅಲ್ಲಿಗೆ ಬಂದ ಮೇಲೆ ಏನೂ ಇಲ್ಲ, ಮಾಯ. ಎಷ್ಟೋ ಹೊತ್ತಿನ ಮೇಲೆ ಬಂದ ದಾರಿಯಲ್ಲೇ ಹಿಂದಕ್ಕೆ ಜಾರುತ್ತದೆ. ಬೆಳಿಗ್ಗೆ ಲಾರಿಯವರು ಕೆಲಸ ಶುರುಮಾಡಿದ ಮೇಲೆಯೇ ಇದರ ಓಡಾಟ. ಪಾಪ, ಅವರ ಗದ್ದಲಕ್ಕೆ ಹೆದರಿ ಈ ಕಡೆ ಓಡಿಬರುತ್ತದೆ ಎಂದುಕೊಂಡೆ.

ದರ್ಜಿಯನ್ನು ಕರೆದು ನೆಲಕ್ಕೆ ಕಿವಿ ಇಡಿಸಿದೆ. "ಯಾರೋ ಸಕ್ಕರೆ ಅರೆದ ಹಾಗೆ ಕರಕರ ಅಂತಿದೆ" ಎಂದ. ಎದ್ದವನ ಮುಖ ಬಿಳುಚಿತ್ತು. ಹೆಗ್ಗಣಕ್ಕೆ ಹೆದರುವ ಗಂಡಸು! ಅವನಿಂದಲೇ ಬೋನು ತರಿಸಿ ಇಟ್ಟೆ, ಹಿಟ್ಟು ಚೆಲ್ಲಿ ಹೆಜ್ಜೆ ನೋಡಿದೆ. ಹಿಟ್ಟು ದಂಡವಾಯಿತು, ಒಂದು ಹೆಜ್ಜೆ ಗುರುತೂ ಇಲ್ಲ. ಬಟ್ಟೆಗೆ ಗೆರೆ ಎಳೆಯುವ ದರ್ಜಿಯ ಸೀಮೆಸುಣ್ಣ ಇಸಿದುಕೊಂಡು ಅದು ಓಡುವ ದಾರಿಯನ್ನು ನೆಲದ ಮೇಲೆ ಬರೆದಿದ್ದೇನೆ. ನೆಟ್ಟಗೆ ಒಂದೇ ಗೆರೆ, ಹಿತ್ತಿಲ ಬಾಗಿಲಿನಿಂದ ನನ್ನ ದಿಂಬಿನವರೆಗೆ.

ಇಷ್ಟು ದೊಡ್ಡ ಮನೆಯಲ್ಲಿ ಅದಕ್ಕೆ ನನ್ನ ಮಂಚವೇ ಯಾಕೆ ಬೇಕಾಯಿತೋ. ನೀನು ಭೂಮಿಯೊಳಗಿನದ್ದೆಲ್ಲ ಬಲ್ಲವಳು, ಹೆಗ್ಗಣಕ್ಕೆ ಏನು ಮದ್ದು ಎಂದು ಬರೆ.

ಚಿಕ್ಕಮ್ಮ


ಜುಲೈ 19

ಚಿಕ್ಕಮ್ಮ,

ಈ ಕಾಗದ ಕೈಗೆ ಸಿಕ್ಕಿದ ಕೂಡಲೇ ಆ ಕೋಣೆಯಿಂದ ಹೊರಗೆ ಬಾ. ಮಂಚ ಅಲ್ಲೇ ಇರಲಿ, ಏನನ್ನೂ ಎತ್ತಿಕೊಳ್ಳಬೇಡ.

ಅದು ಹೆಗ್ಗಣವಲ್ಲ, ನನ್ನ ಸಲಾಕೆ. ಒಂದು ಗಜ ಓಡಿ ನಿಲ್ಲುವುದು ಮೀಸೆಯ ಆಳುಗಳು ಮುಂದಿನ ಸಲಾಕೆ ಜೋಡಿಸುವುದಕ್ಕೆ. ಸಕ್ಕರೆ ಅರೆದ ಸದ್ದು ಮೊನೆ ಮರಳನ್ನು ದಾಟುವ ಸದ್ದು. ಕೆಳಗೆ ಇಳಿಯಬೇಕಾದದ್ದು ನಿನ್ನ ಗೋಡೆಯ ಹತ್ತಿರ ಯಾವುದೋ ಓರೆ ಕಲ್ಲಿಗೆ ತಗುಲಿ ಬಾಗಿದೆ, ಬಾಗಿ ನಿನ್ನ ಮನೆಯ ಕೆಳಗೆ ಅಡ್ಡಡ್ಡ ನುಗ್ಗಿದೆ. ಆಳವನ್ನು ನಾವು ಅಳೆಯುವುದು ಒಳಗೆ ಹೋದ ಸಲಾಕೆಗಳನ್ನು ಎಣಿಸಿ. ಇಪ್ಪತ್ತು ಸಲಾಕೆ ಹೋದರೆ ಇಪ್ಪತ್ತು ಗಜ ಆಳ ಎಂದು ಬರೆದುಕೊಂಡೆ. ಓರೆ ತೋರಿಸುವ ಉಪಕರಣ ಇದ್ದಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಅದಿಲ್ಲದೆ ನಡೆಸಿ ಎಂದವಳು ನಾನು.

ಆ ಬಿಳಿ ಜಾಗ ಆಳದಲ್ಲಿಲ್ಲ ಚಿಕ್ಕಮ್ಮ, ನಿನ್ನ ದಿಂಬಿನ ಕೆಳಗಿದೆ. ಒಂದಾಳು ಮಣ್ಣು, ಅದರ ಕೆಳಗೆ ಪೊಳ್ಳು. ಸುರಂಗ ಬಯಲಿನಲ್ಲಿ ಸಿಗದೆ ಇದ್ದದ್ದು, ಶೆಡ್ಡಿನ ಕಡೆಯ ಬಾಯಿ ಬಿಟ್ಟರೆ ಅದು ಬಯಲಿನಲ್ಲಿ ಇಲ್ಲದ್ದರಿಂದ. ನಿಮ್ಮ ಸಾಲುಮನೆಗಳನ್ನು ಅದರ ಬೆನ್ನ ಮೇಲೇ ಕಟ್ಟಿದ್ದಾರೆ. ಅವರು ಅಮ್ಮ ಬಿದ್ದ ಬಾಯಿಗೆ ಮಾತ್ರ ಕಲ್ಲುಮಣ್ಣು ತುರುಕಿ ಮಿಕ್ಕದ್ದನ್ನು ಹಾಗೇ ಬಿಟ್ಟಿದ್ದಾರೆ. ಈಗ ಅದರ ಗೋಡೆಗೆ ನಾನು ಒಂದಲ್ಲ, ನಾಲ್ಕಾರು ತೂತು ಹೊಡೆಸಿದ್ದೇನೆ.

ಮೀಸೆಗೆ ಕೆಲಸ ನಿಲ್ಲಿಸಿ ತೂತುಗಳನ್ನು ತುಂಬಲು ಹೇಳಿದ್ದೇನೆ. ದೊಡ್ಡ ಸಾಹೇಬರಿಗೂ ತಿಳಿಸಿದ್ದೇನೆ. ನಿನ್ನ ದಮ್ಮಯ್ಯ, ದರ್ಜಿಯವರಿಗೂ ಹೇಳು, ಇಬ್ಬರೂ ಬೀದಿಯಾಚೆಗೆ ಹೋಗಿ.

ಹೆಗ್ಗಣ ನಾನೇ. ನಿನಗೆ ಮೊದಲೇ ಗೊತ್ತಿತ್ತಲ್ಲ.


ಆಗಸ್ಟ್ 3

ನನ್ನ ಮಗಳೇ,

ನಿನ್ನ ಕಾಗದ ಬಂದ ದಿನವೇ ದರ್ಜಿ ಯಂತ್ರ, ಬಟ್ಟೆಗಂಟು ಎಲ್ಲ ಹೊತ್ತುಕೊಂಡು ಎದುರು ಬೀದಿಯ ತಂಗಿ ಮನೆಗೆ ಹೋದ. ನನ್ನನ್ನೂ ಕರೆದ. ನಾಳೆ ಎಂದೆ. ಮರುದಿನವೂ ನಾಳೆ ಎಂದೆ.

ತೂತು ಮುಚ್ಚಲು ಮೀಸೆ ಸಿಮೆಂಟು ಹಾಲು ಕಲಸಿ ಸುರಿದ. ಅವನು ಇಷ್ಟು ಸಾಕು ಎಂದು ತಂದಿದ್ದ ಮೂಟೆಗಳು ಮುಗಿದವು. ಇನ್ನೊಂದು ಲಾರಿ ತರಿಸಿದ, ಅದೂ ಮುಗಿಯಿತು. ತೂತಿನ ಬಾಯಲ್ಲಿ ಒಂದು ಹನಿಯೂ ಕಾಣಲಿಲ್ಲ. ಕೊನೆಗೆ ತಲೆಯ ಟೋಪಿ ತೆಗೆದು ಕೈಲಿ ಹಿಡಿದುಕೊಂಡು ನಿಂತ, ಸತ್ತವರ ಮನೆ ಮುಂದೆ ನಿಲ್ಲುವ ಹಾಗೆ. "ಅಮ್ಮಾ, ಇದು ತುಂಬೋ ಹಂಗೆ ಕಾಣ್ಸಲ್ಲ" ಎಂದ. ಈ ಸಲ ಕೂಗಲಿಲ್ಲ, ಮೀಸೆಯ ಹಿಂದಿನ ತುಟಿ ನನಗೆ ಸ್ಪಷ್ಟವಾಗಿ ಕಾಣಿಸಿತು.

ಅವರೆಲ್ಲ ಹೋಗಿ ವಾರದ ಮೇಲಾಯಿತು. ಬಯಲು ಖಾಲಿ. ಆದರೆ ನನ್ನ ಮನೆ ಖಾಲಿ ಇಲ್ಲ.

ಹೇಗೆ ಬರೆಯಲಿ? ಮೊನ್ನೆ ಬೆಳಿಗ್ಗೆ ಎದ್ದು ಕಾಲು ಕೆಳಗಿಟ್ಟೆ, ನೆಲ ನಡೆಯುತ್ತಿತ್ತು. ಲಾರಿಯ ಅದುರಲ್ಲ. ಮಗ್ಗಗಳು. ಬೆಳಗಿನ ಪಾಳಿ ಶುರುವಾದಾಗ ಒಂದೊಂದೇ ಮಗ್ಗ ಸೇರಿಕೊಳ್ಳುತ್ತಾ ಸೇರಿಕೊಳ್ಳುತ್ತಾ ಇಡೀ ಶೆಡ್ಡು ಒಂದಾಗುತ್ತದಲ್ಲ, ಹಾಗೆ ಆಯಿತು. ನಾನು ಹಾಸಿಗೆಯ ಅಂಚಿನಲ್ಲಿ ಕೂತು ಅತ್ತುಬಿಟ್ಟೆ. ಹೆದರಿಕೆಯಿಂದಲ್ಲ. ಕಿವಿ ಹೋದ ಮೇಲೆ ನಾನು ಇದ್ದದ್ದು ಹತ್ತಿ ತುಂಬಿದ ಡಬ್ಬಿಯಲ್ಲಿ. ಯಾರು ಬಂದರೂ ಹೋದರೂ ನನಗೆ ಅವರು ಇದ್ದ ಹಾಗೆ ಅನಿಸುತ್ತಲೇ ಇರಲಿಲ್ಲ. ಈಗ ಮನೆ ತುಂಬ ಜನ ಇದ್ದಾರೆ.

ನನ್ನ ಸಾಲು ಯಾವುದು ಎಂದು ಗೊತ್ತಾಗುತ್ತದೆ. ಎಲ್ಲದರ ಕೊನೆಗೆ, ಮಂಚದ ಕಾಲಿನ ಹತ್ತಿರ, ಒಂದು ಮಗ್ಗ ಮೂರು ಏಟಿಗೊಮ್ಮೆ ಎಡವುತ್ತದೆ.

ದರ್ಜಿ ಊಟ ತಂದುಕೊಟ್ಟಾಗ ನೆಲ ಮುಟ್ಟಿಸಿದೆ. "ಏನೂ ಇಲ್ವಲ್ಲಮ್ಮ" ಎಂದ. ಆಮೇಲೆ ಅವನ ತಂಗಿ ಮನೆಗೆ ಹೋಗಿದ್ದೆ. ಹೊಲಿಗೆ ಯಂತ್ರ ತುಳಿಯುತ್ತಿದ್ದ ಅವನ ಕಾಲನ್ನು ನೋಡುತ್ತಾ ನಿಂತೆ. ಮೂರು ತುಳಿತ, ಒಂದು ತಡೆ. ಅವನಿಗೇ ತಿಳಿದಿಲ್ಲ.

ನನ್ನ ಬಗ್ಗೆ ಯೋಚನೆ ಮಾಡಬೇಡ.

ಚಿಕ್ಕಮ್ಮ


ಆಗಸ್ಟ್ 21

ಚಿಕ್ಕಮ್ಮಾ,

ನಿನ್ನ ಮನೆಯಿಂದ ಹೊರಟು ಬಂದವಳು ಬಸ್ಸಿಳಿದು ಸೀದಾ ಮೇಜಿಗೆ ಬಂದು ಬರೆಯುತ್ತಿದ್ದೇನೆ. ಬಡಿಸಿದ ತಟ್ಟೆ ಬಿಟ್ಟು ಎದ್ದು ಬಂದದ್ದು ತಪ್ಪು. ಮನೆ ಖಾಲಿ ಮಾಡಬೇಕೆಂದು ಸರ್ಕಾರದಿಂದ ಬಂದ ನೋಟೀಸನ್ನು ನೀನು ಒಲೆಗೆ ಹಾಕಿದ್ದೂ ತಪ್ಪೇ, ಆದರೆ ನಾನು ಆಡಿದ ಮಾತು ಅದಕ್ಕಿಂತ ದೊಡ್ಡದು. "ಸತ್ತವರ ಜೊತೆ ಇರೋದೇ ಇಷ್ಟ ಆದ್ರೆ ಇರು" ಎಂದು ನಿನಗೆ ಹೇಳಿದೆನಲ್ಲ, ಆ ಬಾಯಿ ನನ್ನದೇ ಎಂದು ನಂಬಲು ಆಗುತ್ತಿಲ್ಲ. ನೀನು ನನ್ನ ತುಟಿ ನೋಡುತ್ತಿದ್ದೆ. ನೋಡದೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ನಿನಗೆ ಅರ್ಥವಾಗುವ ಹಾಗೆ ಹೇಳಲು ಇನ್ನೊಮ್ಮೆ ಪ್ರಯತ್ನಿಸುತ್ತೇನೆ. ಸುರಂಗದಲ್ಲಿ ನೀರಿದೆ. ನಾನು ಮಾಡಿಸಿದ ತೂತುಗಳಿಂದ ಮರಳು ಆ ನೀರಿಗೆ ಜಾರುತ್ತಿದೆ. ಕಿರಿದಾದ ಬಾಯಿಂದ ನೀರೂ ಮರಳೂ ಹೋಗುವಾಗ ಗುಟುಕು ಗುಟುಕಾಗಿ ಹೋಗುತ್ತವೆ, ಅದು ನೆಲಕ್ಕೆ ತಾಳದಂತೆ ತಟ್ಟುತ್ತದೆ. ಪ್ರತಿ ಗುಟುಕಿಗೂ ನಿನ್ನ ಕಾಲಡಿಯ ಮಣ್ಣು ಅಷ್ಟಷ್ಟು ಕಡಿಮೆಯಾಗುತ್ತಿದೆ. ಆ ಮಗ್ಗಗಳನ್ನು ಗುಜರಿಗೆ ಮಾರಿ ಎಷ್ಟು ಕಾಲವಾಯಿತು. ಲಾರಿಗಳಲ್ಲಿ ಹೇರಿಕೊಂಡು ಹೋದದ್ದನ್ನು ನಿನ್ನ ಸೊಂಟದ ಮೇಲೆ ಕೂತು ನಾನೇ ನೋಡಿದ್ದೇನೆ. ಹೋಗದೆ ಉಳಿದದ್ದು ಅಮ್ಮನ ಜೊತೆ ಕೆಳಗೆ ಬಿದ್ದ ಒಂದೇ ಒಂದು.

ಇಷ್ಟು ಬರೆದ ಮೇಲೆ ನಿಜ ಹೇಳದೆ ಇರಲಾರೆ. ನಡುಮನೆಯಲ್ಲಿ ನೆಲದ ಮೇಲೆ ಅಂಗೈ ಇಟ್ಟು "ನನಗೇನೂ ಗೊತ್ತಾಗ್ತಿಲ್ಲ" ಎಂದೆನಲ್ಲ, ಅದು ಸುಳ್ಳು. ಗೊತ್ತಾಯಿತು. ನೀರಿನದೇ ಎಂದು ನನಗೆ ನಾನೇ ಹೇಳಿಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಲೆಕ್ಕ ಹಾಕಿದೆ, ನೀರು ಹೀಗೆ ಹೋದರೆ, ಮರಳು ಹಾಗೆ ಜಾರಿದರೆ ಎಂದು. ಎಲ್ಲ ಲೆಕ್ಕಕ್ಕೂ ಒಂದೇ ಸಮನಾದ ಏಟು ಬರುತ್ತದೆ. ನೀರಿಗೆ ಮೂರು ಏಟಿಗೊಮ್ಮೆ ಎಡವುವುದು ಗೊತ್ತಿಲ್ಲ ಚಿಕ್ಕಮ್ಮಾ.

ನನಗೆ ತುಂಬ ಭಯವಾಗುತ್ತಿದೆ. ಆ ನೆಲ ನನ್ನಿಂದ ಒಬ್ಬಳನ್ನು ಕಿತ್ತುಕೊಂಡಿತು. ಇನ್ನೊಬ್ಬಳನ್ನು ನಾನೇ ಅದರ ಬಾಯಿಗೆ ಇಟ್ಟಿದ್ದೇನೆ.

ನಿನ್ನ
ಹೆಗ್ಗಣ


ಆಗಸ್ಟ್ 29

ಹೆಗ್ಗಣವೇ,

ಸುಳ್ಳು ಹೇಳಿದ್ದು ಅಲ್ಲೇ ಗೊತ್ತಾಯಿತು. ನಿನ್ನ ಕೈ ನೆಲದ ಮೇಲಿತ್ತು, ಕಾಲ ಬೆರಳುಗಳು ತಾಳ ಹಾಕುತ್ತಿದ್ದವು. ಹಾಲು ಕುಡಿಯುವ ಕೂಸಾಗಿದ್ದಾಗ ಶೆಡ್ಡಿಗೆ ಕರೆದುಕೊಂಡು ಹೋದರೆ ಹಾಗೇ ಮಾಡುತ್ತಿದ್ದೆ. ನೀನು ಆಡಿದ ಮಾತಿನ ಚಿಂತೆ ಬಿಡು. ಆ ವೇಳೆಗೆ ಒಗ್ಗರಣೆ ಸೀದು ಹೊಗೆ ತುಂಬಿತ್ತು, ನಿನ್ನ ತುಟಿ ಸರಿಯಾಗಿ ಕಾಣಲಿಲ್ಲ ಎಂದುಕೊಳ್ಳೋಣ.

ನಾನು ಯಾಕೆ ಏಳುತ್ತಿಲ್ಲ ಎಂದು ನಿನಗೆ ಹೇಳಬೇಕು. ಯಾರಿಗೂ ಹೇಳಿಲ್ಲ.

ಆ ದಿನ ಕಿಟಕಿ ಕಡೆಯ ನೆಲ ಬಿರುಕು ಬಿಟ್ಟದ್ದನ್ನು ಯಾರೋ ನೋಡಿ ಯಂತ್ರ ನಿಲ್ಲಿಸಿದರು. ನೆಲ ಸುಮ್ಮನಾಯಿತು. ಲಾಳಿ ಬಿಟ್ಟು ನಡೆದೆ, ಗೋಡೆಯ ಹತ್ತಿರ ನಿಂತೆ, ಮುಂದಿನವಳ ಭುಜದ ಮೇಲೆ ಕೈ ಇಟ್ಟೆ. ನನ್ನ ಭುಜದ ಮೇಲೆ ಕೈ ಬೀಳಲಿಲ್ಲ. ಅಕ್ಕ ಬೇಕೆಂದೇ ಆಟ ಆಡಿಸುತ್ತಿದ್ದಾಳೆ, ಈಗ ಬಂದು ಹೆಬ್ಬೆರಳು ಒತ್ತುತ್ತಾಳೆ ಎಂದು ಕುತ್ತಿಗೆ ಗಟ್ಟಿ ಮಾಡಿಕೊಂಡು, ನಗು ತಡೆದುಕೊಂಡು ನಿಂತಿದ್ದೆ. ತಿರುಗಿ ನೋಡಲಿಲ್ಲ. ತಿರುಗಬಾರದಲ್ಲ. ಮುಂದಿನವರೆಲ್ಲ ತಿರುಗಿ ಬಾಯಿಗೆ ಕೈ ಇಟ್ಟುಕೊಂಡದ್ದನ್ನು ನೋಡಿದ ಮೇಲೆ ತಿರುಗಿದೆ. ಅಷ್ಟರಲ್ಲಿ ಕಿಟಕಿಯೂ ಇರಲಿಲ್ಲ, ಮಗ್ಗವೂ ಇರಲಿಲ್ಲ, ಧೂಳಿತ್ತು. ಕೆಳಗಿನ ನೀರು ಅವಳನ್ನು ಕೊಡಲೂ ಇಲ್ಲ.

ಅಂದಿನಿಂದ ನನ್ನ ಎಡ ಭುಜ ಒಂದು ಥರಾ ತಣ್ಣಗಿರುತ್ತದೆ. ಬೇಸಿಗೆಯಲ್ಲೂ ಅದರ ಮೇಲೆ ಟವೆಲ್ ಹಾಕಿಕೊಂಡು ಮಲಗುತ್ತೇನೆ. ನೀನು ಕೇಳಿದಾಗ ಶೀತ ಎನ್ನುತ್ತಿದ್ದೆ.

ಈಗ ಕೆಳಗೆ ಪಾಳಿ ನಡೆಯುತ್ತಿದೆ, ಅಕ್ಕ ಕೆಲಸದಲ್ಲಿದ್ದಾಳೆ. ಪಾಳಿಯ ಮಧ್ಯೆ ಎದ್ದು ಹೋಗುವುದು ಹೇಗೆ? ಒಂದು ಸಲ ಅವಳನ್ನು ಬಿಟ್ಟು ಹೊರಗೆ ನಡೆದಿದ್ದೇನೆ. ಅಡುಗೆಮನೆಯ ಗೋಡೆ ಬಿರುಕು ಬಿಟ್ಟಿದೆ, ನಡುಮನೆ ಬಾಗಿಲು ಮುಚ್ಚಲು ಬರುತ್ತಿಲ್ಲ. ನನಗೆ ಕಾಣುವುದಿಲ್ಲ ಎಂದುಕೊಳ್ಳಬೇಡ, ಹೋಗಿರುವುದು ಕಿವಿ ಮಾತ್ರ.

ಚಿಕ್ಕಮ್ಮ


ಸೆಪ್ಟೆಂಬರ್ 5

ಚಿಕ್ಕಮ್ಮ,

ಭಾನುವಾರ ಬೆಳಿಗ್ಗೆ ಮೀಸೆಯನ್ನು ಕರೆದುಕೊಂಡು ಲಾರಿಯಲ್ಲಿ ಬರುತ್ತೇನೆ. ಬೈದರೂ ಸರಿ, ಕಚ್ಚಿದರೂ ಸರಿ, ಮೂಟೆ ಹೊತ್ತ ಹಾಗೆ ಹೊತ್ತುಕೊಂಡು ಬರುತ್ತೇನೆ. ಇಲ್ಲಿ ನೆಲಮಹಡಿಯ ಮನೆಯೇ ನೋಡಿದ್ದೇನೆ. ಕೆಳಗೆ ಗಟ್ಟಿ ಬಂಡೆ, ನಾನೇ ಒತ್ತಿ ನೋಡಿದ್ದು, ಈ ಸಲ ಓರೆ ನೋಡಿಕೊಂಡು.

ಉಪಕರಣವಿಲ್ಲದೆ ನಡೆಸಲು ಹೇಳಿದ್ದು ನಾನೇ ಎಂದು ಆಫೀಸಿನಲ್ಲಿ ಬರೆದುಕೊಟ್ಟೆ. ಮುಂದೆ ಏನಾಗುತ್ತದೋ ಆಗಲಿ.

ಅಮ್ಮ ಹೋದಾಗ ಅವಳನ್ನು ಬಿಟ್ಟು ನಡೆದೆ ಎನ್ನುತ್ತೀಯಲ್ಲ. ನೀನು ನಡೆಯದೆ ಇದ್ದಿದ್ದರೆ ನನಗೆ ಯಾರಿದ್ದರು? ನನ್ನ ಭುಜದ ಮೇಲೆ ಇಷ್ಟು ವರ್ಷ ಇದ್ದ ಕೈ ಯಾರದು? ಭಾನುವಾರದವರೆಗೆ ಮುಂದಿನ ಕೋಣೆಯಲ್ಲಿ, ಬಾಗಿಲ ಪಕ್ಕದಲ್ಲೇ ಇರು. ಇದೊಂದನ್ನು ಕೇಳುತ್ತೇನೆ.

ನಿನ್ನ ಹೆಗ್ಗಣ


ಸೆಪ್ಟೆಂಬರ್ 8

ಮಗಳೇ,

ಇದನ್ನು ದರ್ಜಿಯ ತಂಗಿ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಬದುಕಿದ್ದೇನೆ, ಅದನ್ನು ಮೊದಲು ಓದಿಕೋ. ದರ್ಜಿ ನಿನ್ನ ಆಫೀಸಿಗೆ ಫೋನ್ ಮಾಡಲು ಹೋಗಿದ್ದಾನೆ, ಆದರೂ ನನ್ನ ಕೈಯಿಂದ ಬರೆಯಬೇಕೆನಿಸಿತು. ಅಲ್ಲಿ ಆದದ್ದನ್ನು ಅವನು ಹೇಳಲಾರ, ಅವನಿಗೆ ಕಂಡದ್ದು ಅರ್ಧ.

ನಿನ್ನೆ ಬೆಳಿಗ್ಗೆ ಚಹಾಕ್ಕೆ ನೀರಿಟ್ಟು ಒಲೆ ಮುಂದೆ ನಿಂತಿದ್ದೆ. ಬಾಗಿಲ ಪಕ್ಕ ಇರು ಎಂದಿದ್ದೆ ನೀನು, ಚಹಾ ಬಾಗಿಲ ಪಕ್ಕ ಕುದಿಯುವುದಿಲ್ಲವಲ್ಲ. ಕೆಳಗೆ ಪಾಳಿ ಎಂದಿಗಿಂತ ಜೋರಾಗಿತ್ತು, ಲೋಟಗಳೆಲ್ಲ ನಡುಗುತ್ತಿದ್ದವು. ನೀರಿನಲ್ಲಿ ಇನ್ನೂ ಗುಳ್ಳೆ ಎದ್ದಿರಲಿಲ್ಲ.

ನೆಲ ಸುಮ್ಮನಾಯಿತು.

ಮೆಲ್ಲಗೆ ಕಡಿಮೆಯಾದದ್ದಲ್ಲ. ಯಾರೋ ನೋಡಿ, ಕೈ ಎತ್ತಿ, ದೊಡ್ಡ ಯಂತ್ರ ನಿಲ್ಲಿಸಿದ ಹಾಗೆ ಒಂದೇ ಸಲಕ್ಕೆ. ನಾನು ಯೋಚಿಸಲಿಲ್ಲ ಮಗಳೇ. ಅಕ್ಕ ನೆನಪಾಗಲಿಲ್ಲ, ನೀನು ನೆನಪಾಗಲಿಲ್ಲ. ಕೈಲಿದ್ದ ಇಕ್ಕಳ ಅಲ್ಲೇ ಬಿಟ್ಟೆ. ಕಾಲು ತಾನಾಗಿ ನಡೆಯಿತು. ನಡುಮನೆ, ಮುಂದಿನ ಕೋಣೆ, ಹೊಸ್ತಿಲು, ಬೀದಿ. ಎದುರಿನ ಗೋಡೆಯ ಉದ್ದಕ್ಕೆ ನಿಂತು ಕೈ ಮುಂದಕ್ಕೆ ಚಾಚಿದೆ. ಮುಂದೆ ಯಾರ ಭುಜವೂ ಇರಲಿಲ್ಲ. ಗಾಳಿಯಲ್ಲಿ ಕೈ ಹಿಡಿದುಕೊಂಡು ಹುಚ್ಚಿಯ ಹಾಗೆ ನಿಂತೆ.

ಆಗ ಮನೆ ಹೋಯಿತು. ಮೊದಲು ಹಿತ್ತಿಲ ಕಡೆಯ ಮಾಡು ಬಗ್ಗಿತು, ಆಮೇಲೆ ನಡುಮನೆ, ಆಮೇಲೆ ದರ್ಜಿಯ ಖಾಲಿ ಮನೆಯ ಅರ್ಧ. ನನಗೆ ಎಲ್ಲ ಸದ್ದಿಲ್ಲದೆ ಆಯಿತು. ಧೂಳು ಎದ್ದಿತು. ಆ ಧೂಳು ನನಗೆ ಹೊಸದಲ್ಲ.

ನನ್ನ ಎಡ ಭುಜದ ಮೇಲೆ ಕೈ ಬಿತ್ತು.

ದರ್ಜಿ ಎಂದುಕೊಂಡೆ. ಆದರೆ ದರ್ಜಿ ನನ್ನ ಎದುರಿಗೆ, ತಂಗಿ ಮನೆಯ ಮೆಟ್ಟಿಲ ಮೇಲೆ, ತಲೆಯ ಮೇಲೆ ಎರಡೂ ಕೈ ಹೊತ್ತು ನಿಂತಿದ್ದ. ಅವನು ನನ್ನನ್ನೇ ನೋಡುತ್ತಿದ್ದ, ನನ್ನ ಹಿಂದೆಯೂ ನೋಡಿದ. ಆಮೇಲೆ ಕೇಳಿದರೆ "ಧೂಳಲ್ಲಿ ಏನೂ ಕಾಣ್ಲಿಲ್ಲಮ್ಮ" ಎನ್ನುತ್ತಾನೆ, ಮುಖ ಆಚೆ ತಿರುಗಿಸಿಕೊಂಡು.

ಹೆಬ್ಬೆರಳು ಕುತ್ತಿಗೆಯ ಬುಡಕ್ಕೆ ಒತ್ತಿತು, ನೋವಾಗುವಷ್ಟು.

ನಾನು ತಿರುಗಲಿಲ್ಲ. ತಿರುಗಬಾರದಲ್ಲ, ಎಣಿಕೆ ತಪ್ಪುತ್ತದೆ.

ತಪ್ಪು ನಿನ್ನದು ಎಂದು ಬರೆದುಕೊಟ್ಟಿದ್ದೀಯ. ನಿನ್ನದೇ, ಇಲ್ಲ ಎನ್ನುವುದಿಲ್ಲ. ಆದರೆ ನಿನ್ನ ಸಲಾಕೆ ಬಾಗಿ ಅಲ್ಲಿಗೆ ಹೋಗದೆ ಇದ್ದಿದ್ದರೆ ಅವಳಿಗೆ ಹೊರಗೆ ಬರುವ ದಾರಿ ಯಾರು ತೋರಿಸುತ್ತಿದ್ದರು? ನಕ್ಷೆಯಲ್ಲಿ ಬಿಳಿ ಬಿಟ್ಟ ಜಾಗಕ್ಕೆ ಬಣ್ಣ ಹಚ್ಚಬೇಡ. ಹಾಗೇ ಇರಲಿ.

ಭಾನುವಾರ ಬೇಗ ಬಾ. ಬಂದವಳು ಅಳುತ್ತಾ ತಬ್ಬಿಕೊಳ್ಳಲು ಹೋಗಬೇಡ. ನನ್ನ ಮುಂದೆ ಬಂದು ನಿಲ್ಲು, ಬೆನ್ನು ನನ್ನ ಕಡೆ ಮಾಡಿ. ನಿನ್ನೆಯಿಂದ ಕೈ ಚಾಚಿ ಸೋತಿದ್ದೇನೆ, ಇಡಲು ಒಂದು ಭುಜ ಬೇಕು. ನೀನೂ ತಿರುಗಿ ನೋಡಬೇಡ.

ನನ್ನ ಹಿಂದಿನವಳು ಇನ್ನೂ ಕೈ ತೆಗೆದಿಲ್ಲ.

ಚಿಕ್ಕಮ್ಮ